ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸು ಬದಲಿಸಿ

ಬೆಂಗಳೂರಿಗೆ ಹೊಸದಾಗಿ ಬಂದವರು ಎಲ್ಲಿಗೆ ದಾರಿ ಕೇಳಿದರೂ ಬಹಳ ವರ್ಷಗಳ ಕಾಲ ಒಂದೇ ಉತ್ತರ ಸಿಗುತ್ತಿತ್ತು: "ಮೆಜೆಸ್ಟಿಕ್ಕಿಗೆ ಹೋಗಿ ಬಸ್ಸು ಬದಲಿಸಿ." ಜಯನಗರದಿಂದ ಜಾಲಹಳ್ಳಿಗೆ ಹೋಗಬೇಕೆ, ಮೆಜೆಸ್ಟಿಕ್ಕು. ವಿಜಯನಗರದಿಂದ ಯಲಹಂಕಕ್ಕೆ ಹೋಗಬೇಕೆ, ಅದಕ್ಕೂ ಮೆಜೆಸ್ಟಿಕ್ಕು. ಅಕ್ಕಪಕ್ಕದ ಎರಡು ಬಡಾವಣೆಗಳ ನಡುವೆ ನೇರ ಬಸ್ಸಿಲ್ಲದೆ, ಊರ ನಡುವಿಗೆ ಹೋಗಿ ಮತ್ತೆ ಹೊರಗೆ ಬರಬೇಕಾದ ಪ್ರಸಂಗವೂ ಇತ್ತು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಲ, ತಲೆಯಲ್ಲಿ ಮನೆಗೆ ಹೋಗಿ ಮಾಡಬೇಕಾದ ಅಡುಗೆಯ ಚಿಂತೆ. ಇಷ್ಟನ್ನೂ ಹೊತ್ತು ಆ ಸಬ್‌ವೇ ಮೆಟ್ಟಿಲುಗಳನ್ನು ಹತ್ತಿ ಇಳಿದ ಹೆಂಗಸರಿಗೆ ಈ ಮಾತು ಮರೆತಿರಲಾರದು.

ಇದು ಹೀಗೇ ಏಕೆ ಎಂದು ನಾವು ಯಾರೂ ಕೇಳುತ್ತಿರಲಿಲ್ಲ. ಊರು ಇರುವುದೇ ಹಾಗೆ ಎಂದುಕೊಂಡಿದ್ದೆವು. ಆದರೆ ಊರು ತಾನಾಗಿ ಯಾವ ಆಕಾರವನ್ನೂ ತಾಳುವುದಿಲ್ಲ. ಯಾರೋ ಒಬ್ಬರು ಯಾವುದೋ ಕಾಲದಲ್ಲಿ ಹಳಿ ಇಲ್ಲಿ ಹಾಕೋಣ, ನಿಲ್ದಾಣ ಅಲ್ಲಿ ಕಟ್ಟೋಣ, ರಸ್ತೆ ಆ ಕಡೆಯಿಂದ ಬಳಸಿ ಬರಲಿ ಎಂದು ತೀರ್ಮಾನಿಸಿರುತ್ತಾರೆ. ಅವರು ಹೋಗಿ ನೂರು ವರ್ಷವಾದರೂ ನಾವು ಅದೇ ತೀರ್ಮಾನದ ಮೇಲೆ ಓಡಾಡುತ್ತಿರುತ್ತೇವೆ. ಹಾಗೆ ತೀರ್ಮಾನಿಸುವಾಗ ಅವರ ಕಣ್ಣ ಮುಂದೆ ಯಾವ ಪ್ರಯಾಣಿಕ ಇದ್ದ ಎಂಬುದು ನನ್ನ ಕುತೂಹಲ. ಬೆಂಗಳೂರಿನ ಕಥೆಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ನಡೆಯುವವರ ಊರು. ಅಕ್ಕಿಪೇಟೆ, ಅರಳೆಪೇಟೆ, ಬಳೆಪೇಟೆ, ತರಗುಪೇಟೆ ಎಂದು ಕಸುಬಿಗೊಂದು ಬೀದಿ. ಅಂಗಡಿಯ ಹಿಂದೆಯೋ ಮೇಲೆಯೋ ಮನೆ. ಮಗ್ಗದ ಮನೆಗಳಲ್ಲಿ ನೂಲು ಸುತ್ತುವ ಕೆಲಸ ಹೆಂಗಸರದು, ಅದಕ್ಕೆ ಹೊಸ್ತಿಲು ದಾಟುವ ಅಗತ್ಯವೇ ಇರಲಿಲ್ಲ. ಹೇರೆತ್ತು ಮತ್ತು ಮನುಷ್ಯರು ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಂಡು ಹೋಗುವಷ್ಟು ಅಗಲದ ಓಣಿಗಳು. ಇಂದಿಗೂ ಚಿಕ್ಕಪೇಟೆಯಲ್ಲಿ ಸೀರೆ ಕೊಳ್ಳಲು ಹೋದರೆ ಆ ಅಳತೆ ನಮ್ಮ ಮೈಗೇ ಗೊತ್ತಾಗುತ್ತದೆ.

1809ರ ಸುಮಾರಿಗೆ ಬ್ರಿಟಿಷರ ಸೇನೆ ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ನೆಲೆಯೂರಿದಾಗ ಪೇಟೆಯ ಪೂರ್ವಕ್ಕೆ ಇನ್ನೊಂದು ಊರು ಹುಟ್ಟಿತು. ಅದೇ ದಂಡು. ಅಗಲ ರಸ್ತೆ, ದೊಡ್ಡ ಕಾಂಪೌಂಡಿನ ಬಂಗಲೆ, ಕವಾಯತಿನ ಮೈದಾನ. ಮದ್ರಾಸಿನಿಂದ ಜೋಲಾರ್‌ಪೇಟೆಯ ಮೇಲೆ ಹಾದು 1864ರಲ್ಲಿ ರೈಲು ಬಂತು. ಅದು ಬಂದು ನಿಂತದ್ದು ಪೇಟೆಯ ಬಾಗಿಲಲ್ಲಲ್ಲ, ದಂಡಿನಲ್ಲಿ. ಸಿಪಾಯಿ, ಮದ್ದುಗುಂಡು, ಕಾಗದಪತ್ರ ಹೊತ್ತು ತರುವುದು ಅದರ ಮೊದಲ ಕೆಲಸ. ಪೇಟೆಯ ವರ್ತಕರು ತಮ್ಮ ಸರಕಿಗಾಗಿ ಗಾಡಿ ಕಟ್ಟಿಕೊಂಡು ದಂಡಿಗೆ ಹೋಗಬೇಕಾಗಿತ್ತು. ಒಂದೇ ಹೆಸರಿನ ಎರಡು ಊರುಗಳಲ್ಲಿ ರೈಲು ಯಾರ ಮನೆ ಬಾಗಿಲಿಗೆ ಬಂತು ಎನ್ನುವುದರಿಂದಲೇ ಯಾರ ಕೈಯಲ್ಲಿ ಅಧಿಕಾರವಿತ್ತು ಎಂದು ತಿಳಿಯುತ್ತದೆ.

ಮುಂದಿನ ಹಳಿಯ ಕಥೆ ಕರುಳು ಹಿಂಡುವಂಥದ್ದು. 1876ರಿಂದ 78ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಜನ ಲಕ್ಷಾಂತರ ಸಂಖ್ಯೆಯಲ್ಲಿ ಸತ್ತರು. ಮದ್ರಾಸಿನ ಕಡೆಯಿಂದ ಧಾನ್ಯ ರೈಲಿನಲ್ಲಿ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ಒಳನಾಡಿಗೆ ಹೋಗಬೇಕಾದರೆ ಎತ್ತಿನ ಗಾಡಿಯೇ ಗತಿ, ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಬರಪರಿಹಾರದ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ರೈಲುಹಾದಿಯ ಮಣ್ಣಿನ ಕೆಲಸ ಶುರುವಾಯಿತು. ಇಂಥ ಕಾಮಗಾರಿಗಳಲ್ಲಿ ಗಂಡಸರ ಜೊತೆ ಹೆಂಗಸರೂ ಮಕ್ಕಳೂ ಕೂಲಿಗಾಗಿ ಮಣ್ಣು ಹೊತ್ತರು. 1881ರಲ್ಲಿ ಅಧಿಕಾರ ಒಡೆಯರ ಕೈಗೆ ಮರಳಿತು, ರಂಗಾಚಾರ್ಲು ದಿವಾನರಾದರು. 1882ರಲ್ಲಿ ಮೈಸೂರಿನವರೆಗೆ ರೈಲು ಓಡಿತು. ಬಿಡದಿ, ಆಗ ಕ್ಲೋಸ್‌ಪೇಟೆ ಎನ್ನಿಸಿಕೊಂಡಿದ್ದ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ... ಊರಿಗೊಂದು ನಿಲ್ದಾಣ. ಮಾತಿನ ಮಧ್ಯೆ ಈ ಊರುಗಳ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮದ್ರಾಸಿನ ಹಳಿ ಅಗಲದ್ದು, ಮೈಸೂರಿನ ಹಳಿ ಮೀಟರ್‌ಗೇಜಿನದು. ಆ ರೈಲಿನ ಸರಕನ್ನು ಈ ರೈಲಿಗೆ ಇಳಿಸಿ ಏರಿಸಬೇಕು. ಹಮಾಲಿಗಳು, ಗಾಡಿಯವರು, ಮಂಡಿಗಳು, ಛತ್ರಗಳು ಎಲ್ಲವೂ ಸಿಟಿ ಸ್ಟೇಷನ್ನಿನ ಸುತ್ತ ಸೇರಿಕೊಂಡವು. ಆ ಸ್ಟೇಷನ್ನು ಕಟ್ಟಿದ್ದು ಪೇಟೆಯ ಪಶ್ಚಿಮದಂಚಿನಲ್ಲಿ, ಧರ್ಮಾಂಬುಧಿ ಕೆರೆಯ ಎದುರಿಗೆ. ಆ ಕೆರೆ ಆಗ ಪೇಟೆಗೆ ನೀರು ಕೊಡುತ್ತಿತ್ತು. ಮೆಜೆಸ್ಟಿಕ್ಕಿನ ಬೀಜ ಬಿದ್ದದ್ದು ಅಲ್ಲಿ.

1898ರಲ್ಲಿ ಪ್ಲೇಗು ಬಂತು. ಅದೂ ರೈಲಿನ ಹಾದಿ ಹಿಡಿದೇ ಬಂತು ಎನ್ನುತ್ತಾರೆ. ಇಕ್ಕಟ್ಟಿನ ಪೇಟೆಯಲ್ಲಿ ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಬಯಲಿಗೆ ಓಡಿದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಈ ಸಮಯದಲ್ಲಿ. ನೇರವಾದ ಅಡ್ಡರಸ್ತೆಗಳು, ಮನೆಗಳ ಹಿಂದೆ ಓಣಿ, ಗಾಳಿ ಬೆಳಕು, ಅಂಗಳದಲ್ಲಿ ತೆಂಗು. ಈ ಬಡಾವಣೆಗಳ ಬಗ್ಗೆ ಬರೆಯುವವರೆಲ್ಲ ಮರಗಳನ್ನೂ ದೋಸೆಯನ್ನೂ ಹೊಗಳಿ ಮುಗಿಸುತ್ತಾರೆ. ನನಗೆ ಹೊಳೆದದ್ದು ಬೇರೆ. ಮದ್ರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮು ಓಡಿತು. ಮುಂಬಯಿ, ಕಲ್ಕತ್ತಗಳಲ್ಲಿ ಅದಕ್ಕೂ ಮೊದಲು ಕುದುರೆ ಎಳೆಯುವ ಟ್ರಾಮಿತ್ತು. ಬೆಂಗಳೂರಿಗೆ ಟ್ರಾಮು ಬರಲೇ ಇಲ್ಲ. ಜಟಕಾಗೆ ಕಾಸು ಕೊಡಬೇಕು, ಸೈಕಲ್ಲು ಗಂಡಸರ ಸೊತ್ತು. ಉಳಿದದ್ದು ಕಾಲು. ಕಾಲ ಅಳತೆಯ ಒಳಗೇ ಎಲ್ಲವೂ ಇರಬೇಕಾದ್ದರಿಂದ ಬಡಾವಣೆಯ ಮಧ್ಯೆ ಮಾರುಕಟ್ಟೆ, ಅಲ್ಲೇ ದೇವಸ್ಥಾನ, ಶಾಲೆ, ಔಷಧಾಲಯ, ಹೂವಿನವಳು. ಬಸವನಗುಡಿಯಲ್ಲಿ ಬಾಳಿದ ನಮ್ಮಜ್ಜಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದರು. ಆದರೆ ಗಾಂಧಿಬಜಾರಿಗೆ ದಿನಕ್ಕೆರಡು ಸಲ ಒಬ್ಬಳೇ ಹೋಗುತ್ತಿದ್ದಳು. ಅದನ್ನು 'ಹೋಗುವುದು' ಎಂದು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಅಷ್ಟೆ.

ಈ ಲೆಕ್ಕದ ವಿಷಯ ಸಣ್ಣದಲ್ಲ.

ಯುದ್ಧದ ಹೊತ್ತಿಗೆ ಬೆಂಗಳೂರು ನಡಿಗೆಯ ಅಳತೆಯನ್ನು ಮೀರಿತು. 1940ರಲ್ಲಿ ವಿಮಾನ ಕಾರ್ಖಾನೆ ಬಂತು. ಅದೇ ವರ್ಷ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಎಂಬ ಖಾಸಗಿ ಸಂಸ್ಥೆ ಊರೊಳಗೆ ಬಸ್ಸುಗಳನ್ನು ಓಡಿಸತೊಡಗಿತು. 1941ರ ಜನಗಣತಿಯಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1951ರಲ್ಲಿ 7.8 ಲಕ್ಷದ ಹತ್ತಿರ ಬಂತು, ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಇಮ್ಮಡಿ. 1949ರಲ್ಲಿ ಪೇಟೆ, ದಂಡು ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆಯಿತು. 1956ರಲ್ಲಿ ಬಸ್ಸುಗಳನ್ನು ಸರ್ಕಾರ ವಹಿಸಿಕೊಂಡು ಬಿ.ಟಿ.ಎಸ್. ಎಂದು ಹೆಸರಿಟ್ಟಿತು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಎಂಬುದು ಅದರ ವಿಸ್ತಾರ. 'ಬಿಟ್ರೆ ತಿರುಗಿ ಸಿಗೋಲ್ಲ' ಎಂಬುದು ಜನ ಕೊಟ್ಟ ವಿಸ್ತಾರ. ತಮಾಷೆ ಇರಲಿ, ಆ ಕೆಂಪು ಬಸ್ಸು ಇಲ್ಲದಿದ್ದರೆ ಈ ಊರಿನ ಎಷ್ಟೋ ಹುಡುಗಿಯರು ಕಾಲೇಜಿನ ಮುಖ ನೋಡುತ್ತಿರಲಿಲ್ಲ. ಮುಂದಿನ ಬಾಗಿಲು, ಮುಂದಿನ ಸೀಟುಗಳು ಹೆಂಗಸರಿಗೆ ಎಂಬ ಪದ್ಧತಿ ಎಷ್ಟೋ ತಂದೆತಾಯಿಗಳ ಮನಸ್ಸನ್ನು ಮೆತ್ತಗಾಗಿಸಿತು.

ಬಸ್ಸುಗಳು ಎಲ್ಲಿ ನಿಲ್ಲಬೇಕು? 1890ರ ದಶಕದಲ್ಲಿ ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂದ ಮೇಲೆ ಧರ್ಮಾಂಬುಧಿಯ ಹಂಗು ಊರಿಗೆ ಇಲ್ಲವಾಗಿತ್ತು. ಕೆರೆ ಬತ್ತಿ ಮೈದಾನವಾಯಿತು, ಮೈದಾನ ಬಸ್‌ಸ್ಟ್ಯಾಂಡಾಯಿತು. ಎದುರಿಗೇ ರೈಲ್ವೆ ಸ್ಟೇಷನ್ನು. ಹಳ್ಳಿಯ ಬಸ್ಸು, ರೈಲು, ಊರ ಬಸ್ಸು ಮೂರೂ ಒಂದೇ ಕಡೆ ಸೇರುವುದು ಅನುಕೂಲವೇ ಸರಿ. ಮೈಸೂರಿನಿಂದಲೋ ತುಮಕೂರಿನಿಂದಲೋ ಬಂದಿಳಿದವರಿಗೆ ಅದಕ್ಕಿಂತ ಸಲೀಸಾದ ವ್ಯವಸ್ಥೆ ಇರಲಾರದು. ಸುತ್ತ ಲಾಡ್ಜುಗಳು, ಹೋಟೆಲುಗಳು, ಸಾಲು ಸಾಲು ಸಿನಿಮಾ ಮಂದಿರಗಳು. ಅವುಗಳಲ್ಲೊಂದಾದ ಮೆಜೆಸ್ಟಿಕ್ ಟಾಕೀಸಿನ ಹೆಸರೇ ಇಡೀ ಜಾಗಕ್ಕೆ ಅಂಟಿಕೊಂಡಿತು.

ಆದರೆ ಎಲ್ಲ ದಾರಿಗಳನ್ನೂ ಒಂದೇ ಗಂಟಿಗೆ ಕಟ್ಟಿದರೆ ಯಾರಿಗೆ ಅನುಕೂಲ? ಬೆಳಿಗ್ಗೆ ಬಡಾವಣೆಯಿಂದ ಹೊರಟು ಊರ ನಡುವಿನ ಕಚೇರಿಗೆ ಹೋಗಿ ಸಂಜೆ ಹಾಗೇ ಮರಳುವವನಿಗೆ. ಹೆಂಗಸರ ದಿನ ಹಾಗಿರುವುದಿಲ್ಲ. ಮಗುವನ್ನು ಶಾಲೆಗೆ ಬಿಡಬೇಕು, ಅಲ್ಲಿಂದ ಕೆಲಸಕ್ಕೆ ಹೋಗಬೇಕು, ಬರುವಾಗ ತರಕಾರಿ ಕೊಳ್ಳಬೇಕು, ಅತ್ತೆಯ ಮಾತ್ರೆ ತರಬೇಕು, ನಾದಿನಿಯ ಮನೆಯ ಬಾಣಂತಿಯನ್ನು ನೋಡಿ ಬರಬೇಕು. ಇದು ಬಡಾವಣೆಯಿಂದ ಬಡಾವಣೆಗೆ, ಅಡ್ಡಡ್ಡ ಹೋಗುವ ದಾರಿ. ಹೊತ್ತೂ ಬೇರೆ, ಬೆಳಿಗ್ಗೆ ಹನ್ನೊಂದೋ ಮಧ್ಯಾಹ್ನ ಮೂರೋ. ಬಸ್ಸು ಕಡಿಮೆ ಇರುವ ಹೊತ್ತು ಅದೇ.

ಈ ನಡುವೆ ಊರ ಹೊರಗೆ ಇನ್ನೊಂದು ಬಗೆಯ ಚಕ್ರಗಳು ಉರುಳತೊಡಗಿದ್ದವು. 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಊರಿನಿಂದ ಮೈಲಿಗಟ್ಟಲೆ ದೂರದಲ್ಲಿ ನೂರಾರು ಎಕರೆ ಹಿಡಿದು ಕಾರ್ಖಾನೆ, ಅದರ ಪಕ್ಕದಲ್ಲೇ ವಸತಿ, ಶಾಲೆ, ಆಸ್ಪತ್ರೆ. ವಸತಿ ಸಿಗದವರಿಗೆ ಕಂಪನಿ ಬಸ್ಸು. 1945ರಲ್ಲಿ ಶುರುವಾದ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡು ಜಯನಗರ, ರಾಜಾಜಿನಗರಗಳಂಥ ಬಡಾವಣೆಗಳನ್ನು ಬಿಡಿಸುತ್ತ ಹೋಯಿತು. ಸೈಟು ನೋಡಲು ಹೋದವರು ನೀರು ಬರುತ್ತದೆಯೇ ಎಂದು ಕೇಳಿದ ಮೇಲೆ ಕೇಳುತ್ತಿದ್ದ ಎರಡನೆಯ ಪ್ರಶ್ನೆ, "ಫ್ಯಾಕ್ಟರಿ ಬಸ್ಸು ಯಾವ ಕ್ರಾಸಿನಲ್ಲಿ ನಿಲ್ಲುತ್ತೆ?"

ನಮ್ಮ ದೊಡ್ಡಮ್ಮ ಟೆಲಿಫೋನ್ ಜೋಡಿಸುವ ಕೆಲಸದಲ್ಲಿದ್ದಳು. ನಸುಕಿನಲ್ಲೆದ್ದು ಅಡುಗೆ ಮುಗಿಸಿ, ಟಿಫಿನ್ ಡಬ್ಬಿ ಕಟ್ಟಿಕೊಂಡು, ತಲೆಯ ಹೂ ಸರಿಮಾಡಿಕೊಳ್ಳುತ್ತಲೇ ಓಡಿ ಬಸ್ಸು ಹಿಡಿಯುತ್ತಿದ್ದಳು. ಒಂದು ಸಲ ನಾನು ಕೇಳಿದೆ, "ದೊಡ್ಡಮ್ಮ, ಕೆಲಸಕ್ಕೆ ಹೋಗಬೇಡ ಅಂತ ಮನೇಲಿ ಯಾರೂ ಅನ್ನಲಿಲ್ವಾ?" ಅವಳು ನಕ್ಕಳು. "ಅಂದ್ರು ಕಣೆ. ನಿಮ್ಮ ದೊಡ್ಡಪ್ಪನೇ ಮೊದಲು ಅಂದ್ರು. ಬಸ್ಸು ಮನೆ ಹತ್ರಾನೇ ಬರುತ್ತೆ, ಎಲ್ಲಾ ನಮ್ಮ ಕಂಪನಿ ಹೆಂಗಸರೇ ಇರ್ತಾರೆ ಅಂದ ಮೇಲೆ ಸುಮ್ಮನಾದ್ರು. ಸರ್ವೀಸು ಪೂರ್ತಿ ಮಾಡಿದ್ದು ಆ ಬಸ್ಸಿನ ದೆಸೆಯಿಂದ." ಸಾರ್ವಜನಿಕ ಉದ್ದಿಮೆಗಳು ಹೆಂಗಸರಿಗೆ ಕೆಲಸ ಕೊಟ್ಟವು ಎಂದು ನಾವು ಹೇಳುತ್ತೇವೆ. ಬಸ್ಸನ್ನೂ ಕೊಟ್ಟವು ಎಂಬುದನ್ನು ಸೇರಿಸಿ ಹೇಳಬೇಕು. ಆ ಬಸ್ಸಿನೊಳಗೆ ಅವರು ಚೀಟಿ ಹಾಕುತ್ತಿದ್ದರು, ಸ್ವೆಟರ್ ಹೆಣೆಯುತ್ತಿದ್ದರು, ಹುರುಳಿಕಾಯಿ ಸೋಸುತ್ತಿದ್ದರು, ಮಗಳಿಗೆ ಗಂಡು ಹುಡುಕುತ್ತಿದ್ದರು.

ಆಮೇಲೆ ಬಂದದ್ದು ಸ್ಕೂಟರಿನ ಕಾಲ. ಪಕ್ಕದ ಹೊಸೂರಿನಲ್ಲಿ ತಯಾರಾದ ಟಿವಿಎಸ್ ಫಿಫ್ಟಿ, 1990ರ ದಶಕದ ಸ್ಕೂಟಿ, ಕೈನೆಟಿಕ್. ಬ್ಯಾಂಕಿನ ಕ್ಲರ್ಕುಗಳು, ಶಾಲೆಯ ಮೇಡಂಗಳು ಸೆರಗು ಸಿಕ್ಕಿಸಿಕೊಂಡು ಗಾಡಿ ಬಿಟ್ಟರು. ಮೆಜೆಸ್ಟಿಕ್ಕಿಗೆ ಹೋಗದೆ ಅಡ್ಡದಾರಿಯಲ್ಲಿ ಹೋಗುವ ಸ್ವಾತಂತ್ರ್ಯ ಮೊದಲು ಸಿಕ್ಕಿದ್ದು ಆಗಲೇ. ಅದನ್ನು ಕಂಡು ಸಂತೋಷಪಟ್ಟವಳು ನಾನೂ. ಆದರೆ ಅದು ಗಾಡಿ ಕೊಳ್ಳಬಲ್ಲವರ ಸ್ವಾತಂತ್ರ್ಯ. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿ ದಾಟಿದೆ. ಬಿ.ಟಿ.ಎಸ್. ಹೋಗಿ 1997ರಲ್ಲಿ ಬಂದ ಬಿ.ಎಂ.ಟಿ.ಸಿ.ಯ ಬಸ್ಸುಗಳೋ ಏಳು ಸಾವಿರದ ಆಸುಪಾಸಿನಲ್ಲೇ ಇವೆ.

ಗಾಡಿಗಳು ಹೆಚ್ಚಿದಂತೆ ತೀರ್ಮಾನಗಳೂ ಗಾಡಿಗಳಿಗಾಗಿಯೇ ಆಗತೊಡಗಿದವು. 1990ರ ದಶಕದ ನಡುವಿನಿಂದ 2002ರ ಹೊತ್ತಿಗೆ ಸುಮಾರು 60 ಕಿ.ಮೀ. ಉದ್ದದ ಹೊರವರ್ತುಲ ರಸ್ತೆ ತಯಾರಾಯಿತು. ಲಾರಿಗಳು ಊರೊಳಗೆ ನುಗ್ಗದೆ ಬಳಸಿ ಹೋಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಹೊಲದ ನಡುವೆ ಅಷ್ಟಗಲದ ರಸ್ತೆ ಬಿದ್ದರೆ ಹೊಲ ಹೊಲವಾಗಿ ಉಳಿಯುತ್ತದೆಯೇ? ಮಾರತಹಳ್ಳಿ, ಬೆಳ್ಳಂದೂರುಗಳ ರಾಗಿಯ ಹೊಲಗಳ ಮೇಲೆ ಗಾಜಿನ ಕಟ್ಟಡಗಳು ಎದ್ದವು. ಹೊಲ ಮಾರಿದ ಮನೆಯ ಹೆಂಗಸರಲ್ಲಿ ಎಷ್ಟೋ ಜನ ಅದೇ ಕಟ್ಟಡಗಳಿಗೆ ನೆಲ ಒರೆಸಲು ಹೋದರು. ಈ ರಸ್ತೆಯಿಂದ ಒಂದು ಉಪಕಾರವೂ ಆಯಿತೆನ್ನಿ. 500ರಿಂದ ಆರಂಭವಾಗುವ ನಂಬರಿನ ಬಸ್ಸುಗಳು ವರ್ತುಲದಲ್ಲೇ ಓಡಿ, ಮೆಜೆಸ್ಟಿಕ್ಕಿನ ಮುಖ ನೋಡದೆ ಬಡಾವಣೆಯಿಂದ ಬಡಾವಣೆಗೆ ಹೋಗುವುದು ಸಾಧ್ಯವಾಯಿತು. ಆದರೆ ಬಸ್ಸಿಳಿದವಳು ಎದುರು ಬದಿಗೆ ದಾಟುವುದು ಹೇಗೆ? ವಾಹನಗಳಿಗೆ ಸಿಗ್ನಲ್ ಇಲ್ಲದ ದಾರಿ ಮಾಡಿಕೊಟ್ಟು, ನಡೆಯುವವರಿಗೆ ಮೆಟ್ಟಿಲ ಸೇತುವೆ ಹತ್ತಿ ಎಂದರು. ಮಂಡಿನೋವಿನ ಹೆಂಗಸರನ್ನು ಯಾರೂ ಕೇಳಲಿಲ್ಲ.

ವೈಟ್‌ಫೀಲ್ಡಿನ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1882ರಲ್ಲಿ ಡಿ.ಎಸ್. ವೈಟ್ ಎಂಬಾತ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಯೋಚಿಸಿದ ಕೃಷಿ ನೆಲೆ ಅದು. ಮಹಾರಾಜ ಚಾಮರಾಜೇಂದ್ರ ಒಡೆಯರು ಭೂಮಿ ಕೊಟ್ಟರು. ದುಂಡನೆಯ ಹಸಿರು ಬಯಲು, ಅದರ ಸುತ್ತ ಮನೆಗಳು. ಮದ್ರಾಸ್ ರೈಲುಹಾದಿ ಹತ್ತಿರದಲ್ಲೇ ಇತ್ತು. 1998ರ ಹೊತ್ತಿಗೆ ಅಲ್ಲಿಗೆ ಐ.ಟಿ.ಪಿ.ಎಲ್. ಬಂತು, ಸಾವಿರಾರು ಜನ ಕೆಲಸಕ್ಕೆ ಸೇರಿದರು. ಹಳಿ ಪಕ್ಕದಲ್ಲೇ ಇತ್ತು, ಆದರೆ ಹೊತ್ತು ಹೊತ್ತಿಗೆ ಓಡುವ ಊರ ರೈಲು ಇರಲಿಲ್ಲ. ಎಲ್ಲರೂ ಕಾರು, ಕ್ಯಾಬು, ಮೆಜೆಸ್ಟಿಕ್ಕಿನಿಂದ ಹೊರಡುವ 335ಇ ಬಸ್ಸು ಹತ್ತಿ ರಸ್ತೆಯಲ್ಲಿ ಸಾಲುಗಟ್ಟಿದರು. ಮೆಟ್ರೊ ಅಲ್ಲಿಗೆ ತಲುಪಿದ್ದು 2023ರಲ್ಲಿ. ಉಗಿಬಂಡಿ ಹಾದುಹೋಗಿ 159 ವರ್ಷಗಳಾಗಿದ್ದವು. 1980ರ ದಶಕದಿಂದಲೇ ಮಾತಿನಲ್ಲಿದ್ದ ಉಪನಗರ ರೈಲಿಗೆ 2022ರ ಜೂನಿನಲ್ಲಿ ಶಂಕುಸ್ಥಾಪನೆಯೇನೋ ಆಯಿತು, 148 ಕಿ.ಮೀ. ಯೋಜನೆ. ಹತ್ತಿ ಕೂರುವ ರೈಲು ಇನ್ನೂ ಬಂದಿಲ್ಲ.

ಬಸ್ಸಿನ ದೂರ ಎಂದರೆ ಏನು ಎಂದು ಈಜಿಪುರದ ಹೆಂಗಸರನ್ನು ಕೇಳಬೇಕು. ಕೋರಮಂಗಲದ ಪಕ್ಕದಲ್ಲಿ ಬಡವರಿಗಾಗಿ ಕಟ್ಟಿದ್ದ ವಸತಿಗಳು ಕುಸಿದು, ಜನ ತಗಡಿನ ಶೆಡ್ಡುಗಳಲ್ಲಿ ಬದುಕುತ್ತಿದ್ದರು. 2013ರ ಜನವರಿಯಲ್ಲಿ ಅವುಗಳನ್ನೂ ಬುಲ್‌ಡೋಜರ್ ತಂದು ನೆಲಸಮ ಮಾಡಿದರು. ಅಲ್ಲಿನ ಹೆಂಗಸರಲ್ಲಿ ಬಹಳಷ್ಟು ಮಂದಿ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆದು ಅಡುಗೆ ಮಾಡುತ್ತಿದ್ದವರು. ನಡೆದು ಹೋಗಿ ನಡೆದು ಬರುತ್ತಿದ್ದರು. ಕೆಲವರನ್ನು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಕಳಿಸಿದರು. ಮನೆ ಸಿಕ್ಕಿತಲ್ಲ ಎಂದು ಕಾಗದದ ಮೇಲೆ ಬರೆದುಕೊಳ್ಳಬಹುದು. ಬೆಳಿಗ್ಗೆ ಆರೂವರೆಗೆ ಒಂದು ಮನೆ, ಎಂಟಕ್ಕೆ ಇನ್ನೊಂದು, ಮತ್ತೆ ಸಂಜೆ ಒಂದು ಎಂದು ದುಡಿಯುವವಳಿಗೆ ಎರಡು ಬಸ್ಸಿನ ದೂರ ಎಂದರೆ ಮೂರರಲ್ಲಿ ಎರಡು ಮನೆ ಕೈಬಿಟ್ಟಂತೆ. ಟಿಕೆಟ್ಟಿನ ದುಡ್ಡು ಬೇರೆ. ಮಧ್ಯಾಹ್ನ ಮಗುವಿಗೆ ಅನ್ನ ಹಾಕಲು ಓಡಿಬರುವುದಂತೂ ಇಲ್ಲವೇ ಇಲ್ಲ. ಯಾವ ಊರಲ್ಲೇ ಆಗಲಿ, ಬಡವರ ಮನೆಗಳನ್ನು ಹೊರಗೆ ಸಾಗಿಸುವ ಅಧಿಕಾರಿಗಳು ಚದರಡಿ ಎಣಿಸುತ್ತಾರೆ, ನಿಮಿಷ ಎಣಿಸುವುದಿಲ್ಲ.

ಈಗ ಆ ಮೈಸೂರು ಹಾದಿಯ ಊರುಗಳಿಗೆ ಬನ್ನಿ. ಬೆಂಗಳೂರಿನ ಚಕ್ರಗಳು ಬೆಂಗಳೂರಿನೊಳಗಷ್ಟೇ ಉರುಳುವುದಿಲ್ಲ, ನಮ್ಮಂಥ ಸಣ್ಣ ಊರುಗಳ ಮೇಲೂ ಹಾಯುತ್ತವೆ. 1882ರ ರೈಲು ಊರಿಗೊಂದು ಕಡೆ ನಿಲ್ಲುತ್ತಿತ್ತು. ನಿಂತದ್ದರಿಂದಲೇ ಮದ್ದೂರಿನ ಸ್ಟೇಷನ್ನಿನಲ್ಲಿ ವಡೆ ಹುಟ್ಟಿ ಹೆಸರಾಯಿತು. ಆಮೇಲೆ ಹೆದ್ದಾರಿಯೂ ಊರೊಳಗಿಂದಲೇ ಹಾದುಹೋಗುತ್ತಿದ್ದ ಕಾಲಕ್ಕೆ ಚನ್ನಪಟ್ಟಣದ ರಸ್ತೆಬದಿಯ ಬೊಂಬೆ ಅಂಗಡಿಗಳ ಮುಂದೆ ಕಾರುಗಳು ನಿಲ್ಲುತ್ತಿದ್ದವು. ಮಕ್ಕಳು ಅತ್ತರೆ ಒಂದು ಬುಗುರಿ, ಒಂದು ಮರದ ಕುದುರೆ ಮಾರಾಟವಾಗುತ್ತಿತ್ತು. ಅರಗಿನ ಬಣ್ಣ ಬಳಿದ ಆ ಬೊಂಬೆಗಳ ಹಿಂದೆ ಹೆಂಗಸರ ಕೈಕೆಲಸವೂ ಇದೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಸುಮಾರು 118 ಕಿ.ಮೀ.; ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಬಳಸಿಕೊಂಡು ಹೋಗುತ್ತದೆ. ಮೂರು ಗಂಟೆಯ ದಾರಿ ಅರ್ಧಕ್ಕಿಳಿಯಿತು ಎಂದು ಕಾರಿನವರು ಕೊಂಡಾಡಿದರು. ಅದು ನಿಜ. ಕೆಳಗಿನ ಹಳೇ ರಸ್ತೆಯಲ್ಲಿ ಬೊಂಬೆ ಅಂಗಡಿಗಳೂ ಹೋಟೆಲುಗಳೂ ಗಿರಾಕಿಗಳ ದಾರಿ ಕಾಯುತ್ತ ಕುಳಿತವು. ಅದೂ ನಿಜ.

ಅಪಘಾತಗಳು ಹೆಚ್ಚಾದವೆಂದು 2023ರ ಆಗಸ್ಟ್ 1ರಿಂದ ಈ ಹೆದ್ದಾರಿಯ ಮುಖ್ಯಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಪ್ರವೇಶ ನಿಷೇಧಿಸಿದರು. ಜೀವ ಉಳಿಸುವ ಮಾತಾದ್ದರಿಂದ ಅದನ್ನು ತಪ್ಪೆನ್ನಲಾರೆ. ಆದರೆ ಹೊಲ ಒಂದು ಬದಿಗೆ, ಮನೆ ಇನ್ನೊಂದು ಬದಿಗೆ ಆದವರ ಕಷ್ಟ ಹಾಗೇ ಉಳಿಯಿತು. ಹುಲ್ಲಿನ ಹೊರೆ ಹೊತ್ತವಳು ಕೆಳಸೇತುವೆ ಎಲ್ಲಿದೆಯೋ ಅಲ್ಲಿಯವರೆಗೆ ನಡೆಯಬೇಕು. ನಿಲ್ಲದ ಬಸ್ಸುಗಳು ಬೈಪಾಸಿನ ಮೇಲೆ ಹಾರಿಹೋಗುತ್ತವೆ. ಊರೊಳಗೆ ಬರುವ ಬಸ್ಸಿಗಾಗಿ ಕಾಯುವವರು ಹಳೇ ಸ್ಟ್ಯಾಂಡಿನಲ್ಲೇ ಕಾಯಬೇಕು. ಅಲ್ಲಿ ನಿಂತವರನ್ನು ಎಂದಾದರೂ ನೋಡಿ. ಆಸ್ಪತ್ರೆಗೆ ಹೊರಟ ಅಜ್ಜಿ, ಕಾಲೇಜಿನ ಹುಡುಗಿಯರು, ಗಾರ್ಮೆಂಟ್ಸಿಗೆ ಹೋಗುವವರು, ಬುಟ್ಟಿಯಲ್ಲಿ ಸೊಪ್ಪು ಇಟ್ಟುಕೊಂಡವರು.

ಬೆಂಗಳೂರಿನಲ್ಲೂ ಮೇಲೆ ಹಾರಿಹೋಗುವ ಯೋಜನೆಗಳಿಗೆ ಬರವಿಲ್ಲ. 2010ರಲ್ಲಿ ಹೊಸೂರು ರಸ್ತೆಯ ಮೇಲೆ ಸುಮಾರು 10 ಕಿ.ಮೀ. ಉದ್ದದ ಸುಂಕದ ಮೇಲ್ಸೇತುವೆ ಬಂತು. ವಿಮಾನ ನಿಲ್ದಾಣದ ಹಾದಿಗೆಂದು ಯೋಚಿಸಿದ್ದ ಉಕ್ಕಿನ ಸೇತುವೆಗೆ 2016ರ ಅಕ್ಟೋಬರಿನಲ್ಲಿ ಸಾವಿರಾರು ಜನ, ಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರೂ ಸೇರಿ, ರಸ್ತೆಬದಿಯಲ್ಲಿ ಕೈಕೈ ಹಿಡಿದು ನಿಂತು ಬೇಡವೆಂದರು. 2017ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಬೇಡ ಎಂದರೆ ಕೇಳಿಸಿಕೊಳ್ಳುತ್ತಾರೆ ಎಂಬುದಕ್ಕೆ ಒಂದಾದರೂ ಉದಾಹರಣೆ ಇದೆ. ಆಮೇಲೆ ಎದ್ದ ಮಾತು ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದಡಿಯ ಸುರಂಗ ರಸ್ತೆಯದು. ಸಾವಿರಾರು ಕೋಟಿಯ ಬಾಬತ್ತು. 500ಡಿ ನಂಬರಿನ ಬಸ್ಸು ಎಷ್ಟೋ ವರ್ಷಗಳಿಂದ ಇದೇ ಎರಡು ಜಾಗಗಳ ನಡುವೆ ಓಡುತ್ತ ಬಂದಿದೆ. ಆ ಬಸ್ಸುಗಳಿಗೆ ಅಡೆತಡೆಯಿಲ್ಲದ ಒಂದು ಪಥವನ್ನು ಬಿಟ್ಟುಕೊಡುವುದಕ್ಕೆ ಎಷ್ಟು ಖರ್ಚಾದೀತು ಎಂದು ಅಂದಾಜು ಕಟ್ಟುವ ಉತ್ಸಾಹ ಯಾರಲ್ಲೂ ಅಷ್ಟಾಗಿ ಕಾಣುವುದಿಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಎಷ್ಟು ಹಾಸ್ಯ, ಎಷ್ಟು ಕುಹಕ ಕೇಳಬೇಕಾಯಿತು! ಹೆಂಗಸರು ಮನೆ ಬಿಟ್ಟು ತೀರ್ಥಯಾತ್ರೆಗೆ ಹೊರಟರು, ಗಂಡಸರಿಗೆ ಸೀಟೇ ಇಲ್ಲ ಎಂದರು. ಹೋದರೆ ಹೋಗಲಿ, ಧರ್ಮಸ್ಥಳವನ್ನೇ ಕಾಣದೆ ಅರವತ್ತು ದಾಟಿದವರು ನಮ್ಮ ಬೀದಿಯಲ್ಲೇ ಇದ್ದರು. ಬಸ್ಸು ಹೆಚ್ಚಿಸದೆ ಪ್ರಯಾಣಿಕರನ್ನಷ್ಟೇ ಹೆಚ್ಚಿಸಿದರೆ ನೂಕುನುಗ್ಗಲು ಆಗುತ್ತದೆ ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. ಅದನ್ನು ಹೆಚ್ಚು ಅನುಭವಿಸುವವರೂ ಹೆಂಗಸರೇ.

ನನಗೆ ಆಸಕ್ತಿ ಇರುವುದು ಆ ಶೂನ್ಯ ಬೆಲೆಯ ಚೀಟಿಯಲ್ಲಿ. ದುಡ್ಡಿಲ್ಲದಿದ್ದರೂ ಪ್ರತಿ ಹೆಂಗಸಿಗೂ ಟಿಕೆಟ್ ಹರಿದು ಕೊಡಲೇಬೇಕು, ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡಲು ಅದೇ ಲೆಕ್ಕ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಅಂಥ ಟಿಕೆಟ್ಟುಗಳು 500 ಕೋಟಿ ದಾಟಿದವು. ಗಾಂಧಿಬಜಾರಿಗೆ ಹೋಗಿ ಬರುತ್ತಿದ್ದ ನಮ್ಮಜ್ಜಿಯಂಥವರ ಓಡಾಟ ಇಷ್ಟು ದೊಡ್ಡ ಮೊತ್ತದಲ್ಲಿ ಸರ್ಕಾರದ ಕಡತಕ್ಕೆ ಸೇರಿರುವುದು ಇದೇ ಮೊದಲು. ಎಲ್ಲಿ ಹತ್ತಿದಳು, ಎಲ್ಲಿಗೆ ಕೇಳಿದಳು, ಎಷ್ಟು ಹೊತ್ತಿಗೆ ಎಂಬುದೆಲ್ಲ ಕಂಡಕ್ಟರನ ಕೈಯಲ್ಲಿರುವ ಯಂತ್ರದಲ್ಲಿದೆ. ಮಧ್ಯಾಹ್ನ ಮೂರು ಗಂಟೆಗೆ ಯಾವ ಬಡಾವಣೆಯಿಂದ ಯಾವ ಬಡಾವಣೆಗೆ ಬಸ್ಸು ಬೇಕು ಎಂದು ಇನ್ನು ಯಾರೂ ಊಹೆ ಮಾಡಬೇಕಾಗಿಲ್ಲ. ಹೊಸ ಮಾರ್ಗಗಳ ನಕ್ಷೆ ಬರೆಯುವ ಮೇಜಿನ ಮೇಲೆ ಆ ಲೆಕ್ಕದ ಹಾಳೆಗಳನ್ನು ಹರಡಿಕೊಂಡು ಕೂರುವವರು ಬೇಕು, ಅವರಲ್ಲಿ ಒಬ್ಬಿಬ್ಬರಾದರೂ ಬಸ್ಸಿನಲ್ಲಿ ಬಂದವರಾಗಿರಬೇಕು.